ಮೋಹನದ ಗಾಂಧಾರ, ಗಣಕದ ಬಗೆ



ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲಿ, ಕಾವೇರಿಯ ದಂಡೆಯ ಮೇಲೆ ರುದ್ರಪಟ್ಟಣವೆಂಬ ಊರಿದೆ. ಊರು ಚಿಕ್ಕದು, ಹೆಸರು ದೊಡ್ಡದು. ಆರ್.ಕೆ. ಶ್ರೀಕಂಠನ್, ಆರ್.ಕೆ. ಪದ್ಮನಾಭ, ರುದ್ರಪಟ್ಟಣ ಸಹೋದರರೆಂದೇ ಪ್ರಸಿದ್ಧರಾದ ಆರ್.ಎನ್. ತ್ಯಾಗರಾಜನ್ ಮತ್ತು ಆರ್.ಎನ್. ತಾರಾನಾಥನ್ ಇವರ ಹೆಸರುಗಳನ್ನು ಕೇಳದ ಸಂಗೀತಪ್ರಿಯರು ನಮ್ಮ ನಾಡಿನಲ್ಲಿ ವಿರಳ. ಈ ಹೆಸರುಗಳ ಮೊದಲಿಗೆ ನಿಂತಿರುವ 'ಆರ್' ಎಂಬ ಅಕ್ಷರ ಊರಿನ ಗುರುತು. ಅದು ಯಾವುದೇ ಒಂದು ಮನೆಯ ಸ್ವತ್ತಲ್ಲ. ಆ ಊರಿನ ಯಾವ ಮನೆಯವರೂ ಅದನ್ನು ಇಟ್ಟುಕೊಳ್ಳಬಹುದು. ಈ ಸಣ್ಣ ಸಂಗತಿಯನ್ನು ನೆನಪಿನಲ್ಲಿಡಿ. ಇಂದಿನ ಮಾತು ಗಣಕಯಂತ್ರವನ್ನು ಕುರಿತದ್ದಾದರೂ ಅದರ ಬೀಜ ಇಲ್ಲಿಯೇ ಇದೆ.

ಸಂಗೀತದ ಸ್ವರಗಳೂ ಹೀಗೆಯೇ. ಮಕ್ಕಳಿಗೆ 'ವರವೀಣಾ' ಗೀತೆಯನ್ನು ಕಲಿಸುವಾಗ ಗುರುಗಳು ಮೋಹನ ರಾಗದ ಐದು ಸ್ವರಗಳನ್ನು ಹೇಳಿಕೊಡುತ್ತಾರೆ. ಷಡ್ಜ, ಚತುಶ್ರುತಿ ಋಷಭ, ಅಂತರ ಗಾಂಧಾರ, ಪಂಚಮ, ಚತುಶ್ರುತಿ ಧೈವತ. ಮುಂದೆ ಅದೇ ಮಗು ಕಲ್ಯಾಣಿಯನ್ನು ಕಲಿಯುವಾಗ ಅಂತರ ಗಾಂಧಾರವನ್ನು ಹೊಸದಾಗಿ ಹುಡುಕಬೇಕಾಗಿಲ್ಲ. ವೀಣೆಯ ಮೇಲೆ ಮೆಟ್ಟಿಲು ಅದೇ, ಹೆಸರೂ ಅದೇ. ಗಾಂಧಾರ ಮೋಹನದ ಸ್ವತ್ತಲ್ಲ, ಕಲ್ಯಾಣಿಯ ಸ್ವತ್ತೂ ಅಲ್ಲ. ಸ್ವರಗಳು ಮೊದಲೇ ಇವೆ. ಅವುಗಳಲ್ಲಿ ಕೆಲವನ್ನು ಆರಿಸಿಕೊಂಡು ರಾಗ ನಿಲ್ಲುತ್ತದೆ.

ಈಗ ಗಣಕದ ಕಡೆಗೆ ಬರೋಣ. ಗಣಕಕ್ಕೆ ತಿಳಿದಿರುವುದು ಸಂಖ್ಯೆಗಳು ಮಾತ್ರ. ನಾವು ಸ್ವರಗಳನ್ನು ಗಣಕಕ್ಕೆ ಕೊಡಬೇಕೆಂದರೆ ಷಡ್ಜಕ್ಕೆ 0, ಮುಂದಿನದಕ್ಕೆ 1 ಎಂದು ಹನ್ನೆರಡು ಸ್ವರಸ್ಥಾನಗಳಿಗೂ 11ರವರೆಗೆ ಅಂಕಿ ಕೊಡಬಹುದು. ಆದರೆ ಕರ್ನಾಟಕ ಸಂಗೀತದಲ್ಲಿ ಸ್ಥಾನ 12 ಇದ್ದರೂ ಹೆಸರು 16. ಚತುಶ್ರುತಿ ಋಷಭವೂ ಶುದ್ಧ ಗಾಂಧಾರವೂ ಒಂದೇ ಸ್ಥಾನದಲ್ಲಿ ಕುಳಿತಿವೆ. ಹಾಗಾದರೆ 2 ಎಂಬ ಅಂಕಿ ಶಂಕರಾಭರಣದ 'ರಿ'ಯೋ, ಕನಕಾಂಗಿಯ 'ಗ'ವೋ? ಬರಿಯ ಅಂಕಿಯಿಂದ ಇದು ತಿಳಿಯದು.

ಇಂತಹದೇ ತೊಂದರೆಯನ್ನು ಕನ್ನಡಿಗರು ಇನ್ನೊಂದು ಕಡೆ ಅನುಭವಿಸಿದ್ದಾರೆ. ಯೂನಿಕೋಡ್ ಬಳಕೆಗೆ ಬರುವ ಮೊದಲಿನ ಅಕ್ಷರವಿನ್ಯಾಸಗಳಲ್ಲಿ ಬೆರಳಚ್ಚು ಮಾಡಿಟ್ಟ ಹಳೆಯ ಕಡತವನ್ನು ಇಂದು ತೆರೆದರೆ, ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳು ಮೆರವಣಿಗೆ ಹೊರಟಂತೆ ಕಾಣುವುದುಂಟು. ಕಡತದ ಅಂಕಿಗಳು ಕೆಟ್ಟಿಲ್ಲ. ಆ ಅಂಕಿ ಯಾವ ಬಗೆಯದು ಎಂಬ ಗುರುತು ಮಾತ್ರ ಕಳೆದುಹೋಗಿದೆ. ಒಂದು ಊರಿನ ವಿದ್ವಾಂಸರು ಬರೆಸಿಟ್ಟ ಕೃತಿಗಳ ಸ್ವರಲಿಪಿಯೂ ಇಂತಹ ಕಡತದಲ್ಲಿದ್ದರೆ, ಮುಂದಿನ ತಲೆಮಾರಿಗೆ ಅದು ಇದ್ದೂ ಇಲ್ಲದಂತೆ.

ಆದುದರಿಂದಲೇ ಕ್ರಮವಿಧಿ ಬರೆಯುವವರು ಪ್ರತಿಯೊಂದು ದತ್ತಾಂಶಕ್ಕೂ ಒಂದು ಟೈಪ್ ಇರಬೇಕೆನ್ನುತ್ತಾರೆ. ನಾವು ಅದನ್ನು 'ಬಗೆ' ಎಂದು ಕರೆಯೋಣ. ಇದು ಅಂಕಿ, ಇದು ಅಕ್ಷರ, ಇದು ಸ್ವರ ಎಂದು ಬಗೆ ಹೇಳುತ್ತದೆ. ಬ್ರಿಟನ್ನಿನ ರಾಬಿನ್ ಮಿಲ್ನರ್ 1970ರ ದಶಕದಲ್ಲಿ ಎಡಿನ್‌ಬರೋದಲ್ಲಿ ಎಂ.ಎಲ್. ಎಂಬ ಭಾಷೆಯನ್ನು ರೂಪಿಸಿದರು. ಅದರಲ್ಲಿ ಬರೆಯುವವರು ಬಗೆಯನ್ನು ಎಲ್ಲೆಡೆ ಹೇಳಬೇಕಾಗಿಲ್ಲ. ಗಣಕವೇ ಕ್ರಮವಿಧಿಯನ್ನು ಓದಿ ಬಗೆಯನ್ನು ಊಹಿಸಿ, ತಪ್ಪಿದ್ದರೆ ಓಡಿಸುವ ಮೊದಲೇ ತಿಳಿಸುತ್ತದೆ. ಮಿಲ್ನರ್ ಅವರಿಗೆ 1991ರ ಟ್ಯೂರಿಂಗ್ ಪ್ರಶಸ್ತಿ ಬಂತು. ಆ ಭಾಷೆಯ ವಂಶದಲ್ಲಿ ಹುಟ್ಟಿದ್ದು ಫ್ರಾನ್ಸ್ ದೇಶದ ಇನ್ರಿಯಾ ಸಂಸ್ಥೆಯ ಓಕ್ಯಾಮಲ್. ಇಂತಹ ಭಾಷೆಗಳಲ್ಲಿ ಇಡೀ ಕ್ರಮವಿಧಿಯನ್ನು ಗಣಿತದ ಫಂಕ್ಷನ್‌ಗಳಂತೆ, ಒಂದರ ಫಲವನ್ನು ಇನ್ನೊಂದಕ್ಕೆ ಕೊಡುತ್ತ ಕಟ್ಟುತ್ತಾರೆ. ಇದೇ ಫಂಕ್ಷನಲ್ ಪ್ರೋಗ್ರಾಮಿಂಗ್.

ಈ ಭಾಷೆಗಳಲ್ಲಿ 'ಇದು ಇಷ್ಟರಲ್ಲಿ ಒಂದು' ಎಂದು ಹೇಳುವ ಬಗೆಗೆ ವೇರಿಯಂಟ್ ಎಂದು ಹೆಸರು. ವಾರ ಎಂದರೆ ಏಳು ದಿನಗಳಲ್ಲಿ ಒಂದು ಎಂಬಂತೆ. ಸಾಮಾನ್ಯ ವೇರಿಯಂಟಿನಲ್ಲಿ ಒಂದು ಗುರುತು ಒಂದೇ ಬಗೆಗೆ ಸೇರಿದ್ದು. ಮೋಹನ ಎಂಬ ಬಗೆಯಲ್ಲಿ ಗಾಂಧಾರವನ್ನು ಹೇಳಿ, ಮತ್ತೆ ಕಲ್ಯಾಣಿ ಎಂಬ ಬಗೆಯಲ್ಲಿಯೂ ಗಾಂಧಾರವನ್ನು ಹೇಳಿದರೆ, ಹೆಸರು ಒಂದೇ ಆದರೂ ಅವೆರಡೂ ಬೇರೆ ಬೇರೆ ವಸ್ತುಗಳು. ಒಂದರಿಂದ ಇನ್ನೊಂದಕ್ಕೆ ಹೋಗಲು ಪ್ರತಿ ಸ್ವರಕ್ಕೂ ಒಂದೊಂದು ಸಾಲು ಅನುವಾದ ಬರೆಯಬೇಕು. ಒಂದೇ ಮೆಟ್ಟಿಲಿಗೆ ರಾಗಕ್ಕೊಂದು ಹೆಸರಿಟ್ಟಂತೆ!

ಈ ಬಿಗಿತವನ್ನು ಸಡಿಲಿಸಿದವರು ಜಪಾನಿನಲ್ಲಿದ್ದ ಜಾಕ್ ಗಾರಿಗ್. ಅವರು 1998ರಲ್ಲಿ ಬಹುರೂಪಿ ವೇರಿಯಂಟುಗಳನ್ನು ಕುರಿತು ಪ್ರಬಂಧ ಮಂಡಿಸಿದರು. 2000ದಲ್ಲಿ ಬಂದ ಓಕ್ಯಾಮಲ್‌ನ ಮೂರನೆಯ ಆವೃತ್ತಿಯಲ್ಲಿ ಅವು ಸೇರಿದವು. ಇಲ್ಲಿ ಗುರುತು ಯಾವ ಬಗೆಯ ಸ್ವತ್ತೂ ಅಲ್ಲ. ರುದ್ರಪಟ್ಟಣದ 'ಆರ್' ಇದ್ದ ಹಾಗೆ. ಗುರುತಿನ ಮುಂದೆ ಹಿಂದಕ್ಕೆ ವಾಲಿದ ಒಂದು ಸಣ್ಣ ಗೀಟು ಹಾಕಿದರೆ ಸಾಕು. ಚತುಶ್ರುತಿ ಋಷಭಕ್ಕೆ ರಿ2, ಅಂತರ ಗಾಂಧಾರಕ್ಕೆ ಗ3 ಎಂಬ ರೂಢಿಯ ಹೆಸರುಗಳನ್ನೇ ಇಟ್ಟುಕೊಂಡು ಹೀಗೆ ಬರೆಯೋಣ. (ಗಣಕದಲ್ಲಿ ಬರೆಯುವಾಗ ಈ ಹೆಸರುಗಳಿಗೆ ರೋಮನ್ ಅಕ್ಷರ ಬಳಸಿ.)

ಮೋಹನ = [ `ಸ | `ರಿ2 | `ಗ3 | `ಪ | `ದ2 ]

ಕಲ್ಯಾಣಿ = [ `ಸ | `ರಿ2 | `ಗ3 | `ಮ2 | `ಪ | `ದ2 | `ನಿ3 ]

ಎರಡನ್ನೂ ಹೋಲಿಸಿ ನೋಡಿ. ಮೋಹನದ ಐದೂ ಗುರುತುಗಳು ಕಲ್ಯಾಣಿಯಲ್ಲಿವೆ. ಅಂದರೆ ಮೋಹನದ ಸ್ವರವೆಂದು ಗೊತ್ತಾದ ಯಾವುದೇ ಸ್ವರವನ್ನು ಕಲ್ಯಾಣಿಯ ಸ್ವರವೆಂದು ನಿರ್ಭಯವಾಗಿ ಹೇಳಬಹುದು. ವೆಂಕಟಮಖಿಯ 72 ಮೇಳಗಳಲ್ಲಿ ಮೋಹನದ ಐದು ಸ್ವರಗಳನ್ನೂ ಒಳಗೊಂಡವು ನಾಲ್ಕು. 28ನೆಯ ಹರಿಕಾಂಭೋಜಿ, 29ನೆಯ ಶಂಕರಾಭರಣ, 64ನೆಯ ವಾಚಸ್ಪತಿ, 65ನೆಯ ಕಲ್ಯಾಣಿ. ಗಣಕದ ಭಾಷೆಯಲ್ಲಿ ಹೇಳುವುದಾದರೆ, ಮೋಹನವೆಂಬುದು ಈ ನಾಲ್ಕಕ್ಕೂ ಉಪಬಗೆ.

ಚಿಕ್ಕ ಬಗೆಯಿಂದ ದೊಡ್ಡ ಬಗೆಗೆ ಹೋಗುವ ಈ ಕ್ರಿಯೆಗೆ ಕೋಯರ್ಶನ್ ಎಂದು ಹೆಸರು. ನಾವು 'ಬಗೆಯೇರಿಸುವುದು' ಎನ್ನೋಣ. ಓಕ್ಯಾಮಲ್‌ನಲ್ಲಿ ಇದಕ್ಕೆ ಎರಡು ಚುಕ್ಕೆ ಮತ್ತು ಒಂದು ಬಾಣದ ಮೊನೆ ಸೇರಿದ ಚಿಹ್ನೆ ಇದೆ.

(ಸ್ವರ :> ಕಲ್ಯಾಣಿ)

'ಈ ಸ್ವರವನ್ನು ಇನ್ನು ಮುಂದೆ ಕಲ್ಯಾಣಿಯ ಸ್ವರವೆಂದು ತಿಳಿ' ಎಂದು ಇದರ ಅರ್ಥ. ಯಾವುದರಿಂದ ಹೊರಟೆವು ಎಂಬುದು ಗಣಕಕ್ಕೆ ಸ್ಪಷ್ಟವಾಗಿ ತಿಳಿಯದ ಸಂದರ್ಭಗಳೂ ಇವೆ. ಆಗ (ಸ್ವರ : ಮೋಹನ :> ಕಲ್ಯಾಣಿ) ಎಂದು ಹೊರಟ ಊರು, ಸೇರುವ ಊರು ಎರಡನ್ನೂ ಹೇಳಬೇಕು.

ಇಲ್ಲಿ ಒಂದು ಪ್ರಶ್ನೆ ಏಳಬಹುದು. ಸ್ವರ ಅದೇ ಆಗಿದ್ದ ಮೇಲೆ ಇದನ್ನು ಬಾಯಿಬಿಟ್ಟು ಹೇಳುವುದೇಕೆ? ಯಾವ ಬಗೆಯನ್ನೂ ಹೇಳದೆ `ಗ3 ಎಂದಷ್ಟೇ ಬರೆದರೆ ಗಣಕ ಅದನ್ನು 'ಗ3 ಇರುವ, ಬೇರೆ ಗುರುತುಗಳೂ ಇರಬಹುದಾದ ಬಗೆ' ಎಂದು ತೆರೆದ ಮನಸ್ಸಿನಿಂದ ತಿಳಿಯುತ್ತದೆ. ಅದನ್ನು ಮೋಹನಕ್ಕೂ ಕೊಡಬಹುದು, ಕಲ್ಯಾಣಿಗೂ ಕೊಡಬಹುದು. ಆದರೆ 'ಇದು ಮೋಹನದ ಸ್ವರ' ಎಂದು ನಾವೇ ಒಮ್ಮೆ ಹೇಳಿದ ಮೇಲೆ ಬಾಗಿಲು ಮುಚ್ಚಿತು. 'ಮಧ್ಯಮ, ನಿಷಾದಗಳು ಇಲ್ಲಿಗೆ ಬರುವುದಿಲ್ಲ' ಎಂಬ ಭರವಸೆಯನ್ನು ನಾವು ಕೊಟ್ಟಿದ್ದೇವೆ. ಆ ಭರವಸೆಯನ್ನು ಬಿಟ್ಟುಕೊಡುವಾಗ ಹೇಳಿ ಬಿಡಬೇಕು, ಸುಮ್ಮನೆ ಬಿಡಬಾರದು. ಬಗೆಯೇರಿಸುವುದೆಂದರೆ ಸ್ವರವನ್ನು ಬದಲಿಸುವುದಲ್ಲ. ನಮಗೆ ಗೊತ್ತಿದ್ದ ಒಂದು ವಿಷಯವನ್ನು ತಿಳಿದೂ ತಿಳಿದೂ ಮರೆಯುವುದು. ಗಣಕದ ಸ್ಮೃತಿಯಲ್ಲಿ `ಗ3 ಎಂಬ ಗುರುತಿಗೆ ಯಾವ ಬಗೆಯಲ್ಲಿದ್ದರೂ ಒಂದೇ ಅಂಕಿ. ಆದ್ದರಿಂದ ಬಗೆಯೇರಿಸಲು ಕ್ರಮವಿಧಿ ಓಡುವಾಗ ಒಂದು ಕ್ಷಣವೂ ಖರ್ಚಾಗುವುದಿಲ್ಲ. ಪರೀಕ್ಷೆಯೆಲ್ಲ ಮೊದಲೇ ಮುಗಿದಿರುತ್ತದೆ.

ಬೇರೆ ಕೆಲವು ಭಾಷೆಗಳಲ್ಲಿ ಗಣಕವು ನಮ್ಮನ್ನು ಕೇಳದೆಯೇ ಬಗೆಯನ್ನು ಬದಲಿಸುತ್ತದೆ. ಜಾಲತಾಣಗಳಲ್ಲಿ ಬಳಕೆಯಾಗುವ ಜಾವಾಸ್ಕ್ರಿಪ್ಟ್‌ನಲ್ಲಿ ಅಕ್ಷರರೂಪದ '5'ಕ್ಕೆ 3ನ್ನು ಕೂಡಿಸಿದರೆ '53' ಬರುತ್ತದೆ. ಅದೇ '5'ರಿಂದ 3ನ್ನು ಕಳೆದರೆ 2 ಬರುತ್ತದೆ. ಕೂಡುವಾಗ ಅಂಕಿ ಅಕ್ಷರವಾಯಿತು, ಕಳೆಯುವಾಗ ಅಕ್ಷರ ಅಂಕಿಯಾಯಿತು. ಅಂಗಡಿಯ ಲೆಕ್ಕದಲ್ಲಿ ಹೀಗಾದರೆ ಎಂಟು ರೂಪಾಯಿಯ ಸಾಮಾನಿಗೆ ಐವತ್ತಮೂರು ರೂಪಾಯಿ ತೆರಬೇಕಾದೀತು. ಓಕ್ಯಾಮಲ್ ಇದನ್ನು ಒಪ್ಪುವುದಿಲ್ಲ. ಪೂರ್ಣಾಂಕವನ್ನೂ ದಶಮಾಂಶ ಸಂಖ್ಯೆಯನ್ನೂ ಕೂಡಿಸಲು ಹೋದರೂ ಅದು ತಡೆಯುತ್ತದೆ.

ತಪ್ಪು ದಿಕ್ಕಿನ ಬದಲಾವಣೆಯ ಬೆಲೆ ಇನ್ನೂ ದೊಡ್ಡದಾಗಬಹುದು. 1996ರ ಜೂನ್ 4ರಂದು ಯೂರೋಪಿನ ಏರಿಯೇನ್ 5 ರಾಕೆಟ್ಟು ಮೊದಲ ಬಾರಿಗೆ ಹಾರಿತು. ಒಂದು ನಿಮಿಷವೂ ಆಗುವ ಮೊದಲೇ ದಾರಿ ತಪ್ಪಿ ಸಿಡಿದುಹೋಯಿತು. ಹಿಂದಿನ ಏರಿಯೇನ್ 4ಕ್ಕೆ ಬರೆದಿದ್ದ ಕ್ರಮವಿಧಿಯ ಭಾಗವೊಂದನ್ನು ಅದರಲ್ಲಿ ಹಾಗೆಯೇ ಬಳಸಿದ್ದರು. ಆ ಭಾಗವು 64 ಬಿಟ್‌ಗಳ ದಶಮಾಂಶ ಸಂಖ್ಯೆಯೊಂದನ್ನು 16 ಬಿಟ್‌ಗಳ ಪೂರ್ಣಾಂಕಕ್ಕೆ ಇಳಿಸುತ್ತಿತ್ತು. ಆ ಬಗೆಯ ಪೂರ್ಣಾಂಕದಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32,767. ಹೊಸ ರಾಕೆಟ್ಟಿನ ವೇಗಕ್ಕೆ ಬಂದ ಸಂಖ್ಯೆ ಅದನ್ನು ಮೀರಿತು. 'ಹಿಡಿಯದಿದ್ದರೆ ಏನು ಮಾಡಬೇಕು' ಎಂಬುದನ್ನು ಆ ಜಾಗದಲ್ಲಿ ಬರೆದಿರಲಿಲ್ಲ. ಸಂಖ್ಯೆಯ ಬದಲಾವಣೆ ಬೇರೆ, ನಾವು ಹೇಳುತ್ತಿರುವ ಬಗೆಯೇರಿಕೆ ಬೇರೆ. ಅಲ್ಲಿ ವಸ್ತುವೇ ಬದಲಾಗುತ್ತದೆ, ಇಲ್ಲಿ ಹಣೆಪಟ್ಟಿ ಮಾತ್ರ. ಆದರೆ ಎರಡಕ್ಕೂ ನೀತಿ ಒಂದೇ. ಚಿಕ್ಕದರಿಂದ ದೊಡ್ಡದಕ್ಕೆ ಹೋಗುವುದು ಸುಲಭ. ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವಾಗ ಪರೀಕ್ಷೆ ಬೇಕು.

ಓಕ್ಯಾಮಲ್‌ನಲ್ಲಿ ಇಳಿಸುವುದಕ್ಕೆ ಚಿಹ್ನೆಯೇ ಇಲ್ಲ. ಕಲ್ಯಾಣಿಯ ಸ್ವರವೆಂದು ಹಣೆಪಟ್ಟಿ ಇರುವ ಸ್ವರವೊಂದು ನಮ್ಮ ಕೈಗೆ ಬಂತೆನ್ನೋಣ. ಅದು ಮೋಹನಕ್ಕೆ ಸಲ್ಲುವುದೇ? ತೆರೆದು ನೋಡದೆ ಹೇಳಲಾಗದು. `ಗ3 ಆಗಿದ್ದರೆ ಸಲ್ಲುತ್ತದೆ, `ಮ2 ಆಗಿದ್ದರೆ ಸಲ್ಲದು. ಅದಕ್ಕೆಂದೇ ಹೋಲಿಸಿ ನೋಡುವ ಒಂದು ರೀತಿ ಇದೆ. 'ಇದು ಮೋಹನದ ಐದರಲ್ಲಿ ಒಂದಾಗಿದ್ದರೆ ಹೀಗೆ ಮಾಡು, ಅಲ್ಲದಿದ್ದರೆ ಹಾಗೆ ಮಾಡು' ಎಂದು ಬರೆಯುತ್ತೇವೆ. ಮೊದಲ ದಾರಿಯಲ್ಲಿ ಹೋದ ಸ್ವರಕ್ಕೆ ಗಣಕವೇ ಮೋಹನದ ಹಣೆಪಟ್ಟಿ ಹಚ್ಚಿಕೊಡುತ್ತದೆ. ಎರಡನೆಯ ದಾರಿಯನ್ನು ಬರೆಯಲು ಮರೆತರೆ ಎಚ್ಚರಿಸುತ್ತದೆ. ಏರಿಯೇನ್‌ನಲ್ಲಿ ಬರೆಯದೆ ಬಿಟ್ಟದ್ದು ಇದೇ ಎರಡನೆಯ ದಾರಿಯನ್ನು.

ಹಂಸಧ್ವನಿಯನ್ನು ತೆಗೆದುಕೊಳ್ಳಿ. ಅದರ ಸ್ವರಗಳು ಸ, ರಿ2, ಗ3, ಪ, ನಿ3. ಮೋಹನದಲ್ಲಿ ನಿಷಾದವಿಲ್ಲ, ಹಂಸಧ್ವನಿಯಲ್ಲಿ ಧೈವತವಿಲ್ಲ. ಎರಡರಲ್ಲೂ ಐದೈದು ಸ್ವರಗಳಿದ್ದು ನಾಲ್ಕು ಸಮಾನವಾದರೂ ಒಂದನ್ನು ಇನ್ನೊಂದಕ್ಕೆ ಏರಿಸಲಾಗದು. ಆದರೆ ಎರಡನ್ನೂ ಶಂಕರಾಭರಣಕ್ಕೆ ಏರಿಸಬಹುದು. ಮೋಹನದ ಸಂಚಾರಗಳನ್ನೂ ಹಂಸಧ್ವನಿಯ ಸಂಚಾರಗಳನ್ನೂ ಒಂದೇ ಪಟ್ಟಿಯಲ್ಲಿ ಇಡಬೇಕಾದಾಗ ನಾವು ಮಾಡುವುದು ಇದನ್ನೇ. ಎರಡು ಮನೆಯವರು ಪರಸ್ಪರ ಮನೆಯೊಳಗೆ ಹೋಗಲಾರದಿದ್ದರೂ ಊರ ದೇವಸ್ಥಾನದಲ್ಲಿ ಒಟ್ಟಿಗೆ ಕುಳಿತಂತೆ.

ಈಗ ಸ್ವರವನ್ನು ಬಿಟ್ಟು ಹಾಡುವವರ ಕಡೆಗೆ ನೋಡೋಣ. ಇಲ್ಲಿ ಅನೇಕ ವಿದ್ಯಾರ್ಥಿಗಳು ಎಡವುತ್ತಾರೆ. ಮೋಹನದ ಸ್ವರವನ್ನು ಕಲ್ಯಾಣಿಯ ಸ್ವರ ಎನ್ನಬಹುದಾದರೆ, ಮೋಹನ ಹಾಡಬಲ್ಲವನನ್ನು ಕಲ್ಯಾಣಿ ಹಾಡಬಲ್ಲವನು ಎನ್ನಬಹುದೇ? ಆಗದು. ಐದೇ ಸ್ವರ ಬಲ್ಲವನ ಮುಂದೆ ಪ್ರತಿಮಧ್ಯಮ ಬಂದರೆ ಅವನು ಸುಮ್ಮನೆ ನಿಲ್ಲಬೇಕಾಗುತ್ತದೆ. ಆದರೆ ಕಲ್ಯಾಣಿಯ ಏಳು ಸ್ವರಗಳನ್ನು ಬಲ್ಲವನನ್ನು ಮೋಹನದ ಐದು ಸ್ವರಗಳನ್ನು ಹಾಡಲು ಕೂರಿಸಿದರೆ ತೊಂದರೆಯಿಲ್ಲ. ಸ್ವರಗಳಿಗೆ ದಾರಿ ಚಿಕ್ಕದರಿಂದ ದೊಡ್ಡದಕ್ಕೆ. ಸ್ವರವನ್ನು ತೆಗೆದುಕೊಂಡು ಕೆಲಸ ಮಾಡುವ ಫಂಕ್ಷನ್‌ಗಳಿಗೆ ದಾರಿ ದೊಡ್ಡದರಿಂದ ಚಿಕ್ಕದಕ್ಕೆ. ನಿಯಮ ತಲೆಕೆಳಗಾದಂತೆ ಕಂಡರೂ ಹಾಡುವವರನ್ನು ನೆನೆದರೆ ಸಹಜವಾಗಿಯೇ ಇದೆ.

ಸ್ವರಗಳ ಸಾಲುಗಳಿಗೆ ಬಂದರೆ ಮತ್ತೊಂದು ಸೂಕ್ಷ್ಮವಿದೆ. ಅಚ್ಚಾದ ಪುಸ್ತಕದಲ್ಲಿ ಮೋಹನದ ಸ್ವರಗಳ ಒಂದು ಸಾಲಿದೆಯೆನ್ನಿ. ಅದನ್ನು ಓದುವವನಿಗೆ 'ಇವು ಕಲ್ಯಾಣಿಯ ಸ್ವರಗಳು' ಎಂದು ಹೇಳಿ ಕೊಟ್ಟರೆ ಕೆಡುವುದೇನೂ ಇಲ್ಲ. ಅವನು ಓದುತ್ತಾನೆ, ಅಷ್ಟೆ. ಓಕ್ಯಾಮಲ್‌ನ ಲಿಸ್ಟ್ ಇಂತಹದು. ಒಮ್ಮೆ ಕಟ್ಟಿದ ಮೇಲೆ ಬದಲಾಗದು, ಆದ್ದರಿಂದ ಬಗೆಯೇರಿಸಬಹುದು. ಆದರೆ ಇಬ್ಬರು ಮಕ್ಕಳು ಒಂದೇ ಸ್ಲೇಟನ್ನು ಹಂಚಿಕೊಂಡಿದ್ದಾರೆನ್ನಿ. ಮೊದಲನೆಯ ಮಗು ಅದನ್ನು ಮೋಹನದ ಸ್ಲೇಟು ಎಂದು ನಂಬಿದೆ. ಎರಡನೆಯ ಮಗುವಿಗೆ ನಾವು ಕಲ್ಯಾಣಿಯ ಸ್ಲೇಟು ಎಂದು ಹೇಳಿದೆವು. ಅದು ಬಳಪ ತೆಗೆದುಕೊಂಡು ನಡುವೆ ಪ್ರತಿಮಧ್ಯಮವನ್ನು ಬರೆಯಿತು. ತನ್ನ ಮಟ್ಟಿಗೆ ಅದು ತಪ್ಪು ಮಾಡಿಲ್ಲ. ಆದರೆ ಮೊದಲನೆಯ ಮಗು ತಿರುಗಿ ಓದುವಾಗ ಅದರ ನಂಬಿಕೆಗೆ ದ್ರೋಹವಾಯಿತು. ಅಳಿಸಿ ಬರೆಯಬಹುದಾದ ಅರೇಗಳನ್ನು ಓಕ್ಯಾಮಲ್ ಬಗೆಯೇರಿಸಲು ಬಿಡದಿರುವುದು ಈ ಕಾರಣಕ್ಕೆ. ಗಣಕ ಹೀಗೆ ತಡೆದಾಗ ಬೇಸರಪಡಬಾರದು. ಇದೇ ಸ್ಲೇಟನ್ನು ಇನ್ನೊಬ್ಬರು ಹಿಡಿದಿದ್ದಾರೆಂದು ಅದು ನಮಗೆ ನೆನಪು ಮಾಡುತ್ತಿದೆ.

ಇಷ್ಟು ಹೊಗಳಿದ ಮೇಲೆ ಬಹುರೂಪಿ ವೇರಿಯಂಟುಗಳ ದೋಷವನ್ನೂ ಹೇಳಬೇಕು. ಮೊದಲನೆಯದು ಕಾಗುಣಿತದ ತಪ್ಪು. ಗುರುತುಗಳನ್ನು ಮೊದಲೇ ಸಾರಬೇಕಾಗಿಲ್ಲವಾದ್ದರಿಂದ, ಗ3 ಎನ್ನುವಲ್ಲಿ ಕೈತಪ್ಪಿ ಗ4 ಎಂದು ಬರೆದರೆ, ಕರ್ನಾಟಕ ಸಂಗೀತದಲ್ಲಿ ಇಲ್ಲದ ಹೊಸ ಗಾಂಧಾರವೊಂದು ಹುಟ್ಟಿಕೊಂಡೀತು. ಗಣಕವು ಅದನ್ನು ಗೌರವದಿಂದ ಬರಮಾಡಿಕೊಂಡೀತು. ಇದಕ್ಕೆ ಮದ್ದು ಸುಲಭ. ಮುಖ್ಯವಾದ ಕಡೆಗಳಲ್ಲೆಲ್ಲ 'ಇದು ಮೋಹನ', 'ಇದು ಕಲ್ಯಾಣಿ' ಎಂದು ಬಗೆಯನ್ನು ಬರೆದುಬಿಡುವುದು.

ಎರಡನೆಯದು ಇನ್ನೂ ಆಳವಾದದ್ದು. ಆರಭಿ ಮತ್ತು ದೇವಗಾಂಧಾರಿ ರಾಗಗಳಿಗೆ ಸ್ವರಗಳು ಒಂದೇ, ಆರೋಹಣ ಅವರೋಹಣಗಳೂ ಒಂದೇ. ಗುರುತುಗಳ ಪಟ್ಟಿಯನ್ನಷ್ಟೇ ನೋಡುವ ಗಣಕಕ್ಕೆ ಇವೆರಡೂ ಒಂದೇ ಬಗೆ. ಆದರೆ ಕೇಳಿ ಪಳಗಿದ ಶ್ರೋತೃವಿಗೆ ಗಮಕದಿಂದ, ನಡೆಯಿಂದ, ಸ್ವರವನ್ನು ಹಿಡಿದು ನಿಲ್ಲುವ ರೀತಿಯಿಂದ ಇವು ಬೇರೆ ಬೇರೆ. ಕಲ್ಯಾಣಿಯ ಗಾಂಧಾರವೂ ಮೋಹನದ ಗಾಂಧಾರವೂ ಸ್ಥಾನದಲ್ಲಿ ಒಂದೇ ಆದರೂ ಹಾಡಿನಲ್ಲಿ ಒಂದೇ ಅಲ್ಲವೆಂದು ಯಾವ ಗುರುವಾದರೂ ಹೇಳುತ್ತಾರೆ. ಇಂತಹ ಭೇದವನ್ನು ಕಾಪಾಡಬೇಕಾದಾಗ ಹಳೆಯ ಸಾಮಾನ್ಯ ವೇರಿಯಂಟುಗಳೇ ಮೇಲು. ಅಲ್ಲಿ ಹೆಸರು ಬೇರೆಯಾದರೆ ಬಗೆಯೂ ಬೇರೆ. ಹಂಚಿಕೊಳ್ಳಬೇಕಾದಲ್ಲಿ ಬಹುರೂಪಿ, ಬೇರ್ಪಡಿಸಬೇಕಾದಲ್ಲಿ ಸಾಮಾನ್ಯ. ಯಾವುದು ಎಲ್ಲಿ ಬೇಕೆಂದು ತೀರ್ಮಾನಿಸುವುದು ಗಣಕದ ಕೆಲಸವಲ್ಲ, ಬರೆಯುವವರ ಕೆಲಸ.

ರುದ್ರಪಟ್ಟಣದಲ್ಲಿ ವಿದ್ವಾನ್ ಆರ್.ಕೆ. ಪದ್ಮನಾಭ ಅವರ ಶ್ರಮದಿಂದ ತಂಬೂರಿಯ ಆಕಾರದ ಸಪ್ತಸ್ವರ ದೇವತಾ ಧ್ಯಾನ ಮಂದಿರ ಎದ್ದಿದೆ. ತಂಬೂರಿ ಯಾವ ರಾಗವನ್ನೂ ಹಾಡುವುದಿಲ್ಲ, ಎಲ್ಲ ರಾಗಗಳಿಗೂ ಶ್ರುತಿ ಕೊಡುತ್ತದೆ. ಕ್ರಮವಿಧಿಯಲ್ಲಿ ಬಗೆಗಳ ಪಾತ್ರವೂ ಅಂತಹದು. ಅವು ನಮ್ಮ ಪರವಾಗಿ ಯೋಚಿಸುವುದಿಲ್ಲ. ನಾವು ಅಪಶ್ರುತಿಗೆ ಹೋದಾಗ ಹೋದೆವೆಂದು ತಿಳಿಸುತ್ತವೆ.

ಓದುಗರಲ್ಲಿ ಗಣಕಶಾಸ್ತ್ರದ ವಿದ್ಯಾರ್ಥಿಗಳಿದ್ದರೆ ಅವರಿಗೊಂದು ಮಾತು. ಓಕ್ಯಾಮಲ್ ಉಚಿತವಾಗಿ ದೊರೆಯುತ್ತದೆ. ನಿಮಗೆ ಬರುವ ನಾಲ್ಕು ರಾಗಗಳ ಸ್ವರಗಳನ್ನು ಅದರಲ್ಲಿ ಬರೆಯಿರಿ. ಯಾವುದನ್ನು ಯಾವುದಕ್ಕೆ ಏರಿಸಬಹುದೆಂದು ಮೊದಲು ಕಾಗದದ ಮೇಲೆ ತೀರ್ಮಾನಿಸಿ, ಅನಂತರ ಗಣಕವನ್ನು ಕೇಳಿರಿ. ಅದು ಒಪ್ಪದಿದ್ದರೆ ಸಿಟ್ಟಾಗದೆ, ಯಾವ ಸ್ವರ ಹೊರಗುಳಿಯಿತೆಂದು ಹುಡುಕಿರಿ. ಒಂದು ಸಂಜೆಯಲ್ಲಿ ಈ ಪಾಠ ಕೈಗೆ ಹತ್ತುತ್ತದೆ. ಮುಂದೆ ನೀವು ಬ್ಯಾಂಕಿನ ಲೆಕ್ಕವನ್ನೋ ಆಸ್ಪತ್ರೆಯ ಔಷಧದ ಪಟ್ಟಿಯನ್ನೋ ಗಣಕಕ್ಕೆ ಬರೆಯುವಾಗ, ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುವ ಪ್ರತಿಯೊಂದು ಜಾಗದಲ್ಲಿಯೂ 'ಸಲ್ಲದಿದ್ದರೆ ಏನು' ಎಂಬ ಎರಡನೆಯ ದಾರಿಯನ್ನು ಬರೆಯಲು ಮರೆಯುವುದಿಲ್ಲ.